ಕಿಟಕಿ ಪರದೆಗೆ ಹೇಳಿದ್ದು

ಅಕ್ಟೋಬರ್ 4, ಶನಿವಾರ

ರಾಷ್ಟ್ರೀಯ ಚೆಸ್ ಚಾಂಪಿಯನ್‌ಶಿಪ್ಪಿಗೆ ಬಂದು ಸೇರಿದೆ. ಇಪ್ಪತ್ತೆರಡು ವರ್ಷ ಸತತವಾಗಿ ಆಯ್ಕೆ ಪಂದ್ಯ ಆಡಿ, ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಸಲ ಆಯ್ಕೆಯಾಗಿದ್ದೇನೆ. ಈ ಹತ್ತು ದಿನ ನನ್ನ ಬದುಕಿನಲ್ಲಿ ಮತ್ತೆ ಬರುವುದಿಲ್ಲ. ಅದಕ್ಕೇ ಈ ಹೊಸ ನೋಟ್‌ಬುಕ್ಕು. ಪ್ರತಿ ಸುತ್ತಿನ ನನ್ನ ಅಂಕ, ನನ್ನ ತಪ್ಪು, ನನ್ನ ಯೋಚನೆ ಎಲ್ಲವನ್ನೂ ಇದರಲ್ಲಿ ಬರೆದಿಡಬೇಕು.

ಒಂದೇ ತೊಂದರೆ. ನಮ್ಮ ಕಡೆಯಿಂದ ಇದ್ದದ್ದು ಎರಡು ಸೀಟು. ಒಂದು ನನಗೆ ಸಿಕ್ಕಿತು, ಇನ್ನೊಂದು ಅಕ್ಕನ ಗಂಡನಿಗೆ.

ಅಕ್ಕನ ಗಂಡನಿಗೂ ನನಗೂ ಹನ್ನೆರಡು ವರ್ಷದಿಂದ ಮಾತಿಲ್ಲ. ನಮ್ಮ ಕ್ಲಬ್ಬಿನ ಫೈನಲ್ಲಿನಲ್ಲಿ ಆತ ತನ್ನ ರಾಣಿಯನ್ನು ಮುಟ್ಟಿದ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಅನ್ನುವುದು ಚೆಸ್ಸಿನ ನಿಯಮ. ನಾನು ತೀರ್ಪುಗಾರರನ್ನು ಕರೆದೆ. ಆತ ರಾಣಿಯನ್ನು ನಡೆಸಿದ, ಕಳೆದುಕೊಂಡ, ಸೋತ. ಮುಟ್ಟಿದ್ದು ಅಂಗಿಯ ತೋಳು, ಕೈ ಅಲ್ಲ ಅಂತ ಆವತ್ತಿನಿಂದ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಕೈಯೇ ಮುಟ್ಟಿತು. ನಾನು ಕಣ್ಣಾರೆ ನೋಡಿದ್ದೇನೆ.

ಲಾಡ್ಜಿನ ಕೌಂಟರಿನಲ್ಲಿ ಹೆಸರು ಹೇಳಿದರೆ, "ನಿಮ್ಮ ಜೊತೆಯವರು ಆಗಲೇ ಬಂದಿದ್ದಾರೆ" ಅಂತ ಕೀ ಕೊಟ್ಟರು. ಒಂದೇ ರೂಮು, ಎರಡು ಮಂಚ. ಬುಕ್ ಮಾಡಿದ್ದು ಅಕ್ಕ. ಬಾಗಿಲು ತೆಗೆದರೆ ಕಿಟಕಿ ಕಡೆಯ ಮಂಚದಲ್ಲಿ ಅಕ್ಕನ ಗಂಡ ಮಲಗಿದ್ದಾನೆ.

ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ.

"ಬೇರೆ ರೂಮು ಖಾಲಿ ಇರಲಿಲ್ಲ ಕಣೋ" ಅಂದಳು.

ಕೌಂಟರಿನಲ್ಲಿ ವಿಚಾರಿಸಿದೆ. ಹದಿನೇಳು ರೂಮು ಖಾಲಿ ಇದ್ದುವಂತೆ ಅವಳು ಬುಕ್ ಮಾಡುವಾಗ. ಈಗ ಒಂದೂ ಇಲ್ಲ.

ಅಕ್ಟೋಬರ್ 5, ಭಾನುವಾರ

ಒಂದನೇ ಸುತ್ತು. ಸೋತೆ. ಅಂಕ: ಸೊನ್ನೆ.

ಕಾರಣ ನನ್ನ ಆಟವಲ್ಲ, ರೂಮು. ಅಕ್ಕನ ಗಂಡ ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವನು. ರಿಟೈರಾಗಿ ಎರಡು ವರ್ಷವಾದರೂ ಒಳಗಿನ ಬಸ್ಸು ನಿಂತಿಲ್ಲ. ಊಟವಾದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿದ. ನಾನು ಆಟಕ್ಕೆ ಮನಸ್ಸನ್ನು ಹದ ಮಾಡಿಕೊಳ್ಳುತ್ತಿದ್ದೆ. ಆತ ನಿದ್ದೆಯಲ್ಲೇ ದೊಡ್ಡ ದನಿ ತೆಗೆದು "ಹೋಲ್ಡಾನ್" ಅಂದ. ನನ್ನ ಕೈಯಲ್ಲಿದ್ದ ಟೀ ಹಾಸಿಗೆಯ ಮೇಲೆ ಬಿತ್ತು. ಎರಡು ನಿಮಿಷ ಬಿಟ್ಟು "ರೈಟ್" ಅಂದ.

ಹಾಸಿಗೆ ಒದ್ದೆಯಾಗಿದೆ, ನನ್ನ ಪಕ್ಕದಲ್ಲಿರುವ ಟವೆಲನ್ನು ಆತ ಮುಟ್ಟಬಾರದು ಅಂತ ತಿಳಿಸಬೇಕಿತ್ತು. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಒಂದು ನಿಮಿಷಕ್ಕೆ ಆ ಮಂಚದಲ್ಲಿ ಫೋನು ಬಡಿದುಕೊಂಡಿತು. "ಆಯ್ತು, ಮುಟ್ಟಲ್ಲ ಅಂತ ಹೇಳು ಅವನಿಗೆ" ಅಂದ. ನನ್ನ ಫೋನು ಬಡಿದುಕೊಂಡಿತು. "ಮುಟ್ಟಲ್ವಂತೆ" ಅಂದಳು ಅಕ್ಕ.

ಆತ ಗೆದ್ದ.

ಅಕ್ಟೋಬರ್ 6, ಸೋಮವಾರ

ಎರಡನೇ ಸುತ್ತು. ಸೋಲು. ಅಂಕ: ಸೊನ್ನೆ. ಎದುರಿಗಿದ್ದವನು ಪಶುವೈದ್ಯ. ನಾಲ್ಕು ಗಂಟೆ ಹೊತ್ತು ಸೀನಿದ. ಪ್ರತಿ ಸೀನಿಗೂ "ಕ್ಷಮಿಸಿ" ಅಂದ, ಪ್ರತಿ ಕ್ಷಮೆಗೂ ಒಂದು ಕಾಲಾಳು ಹೊಡೆದ.

ಅಕ್ಕನ ಗಂಡ ಮತ್ತೆ ಗೆದ್ದ. ಅದು ಚೆಸ್ಸಲ್ಲ. ಕಾಲಾಳುಗಳನ್ನೆಲ್ಲ ಮುಂದೆ ಮುಂದೆ ತಳ್ಳುತ್ತಾನೆ, ಹಿಂದೆ ಜಾಗವಿದ್ದರೂ ನಿಲ್ಲಗೊಡುವುದಿಲ್ಲ.

ಅಕ್ಟೋಬರ್ 7, ಮಂಗಳವಾರ

ಮೂರನೇ ಸುತ್ತು ಡ್ರಾ. ಆತನ ಆಟವೂ ಡ್ರಾ. ನನ್ನ ಅಂಕ: ಅರ್ಧ. ಎಂಬತ್ತು ಜನರಲ್ಲಿ ಎಪ್ಪತ್ತೇಳನೇ ಸ್ಥಾನ.

ಬೆಳಗ್ಗೆ ಅಕ್ಕನಿಗೆ ಆರು ಸಲ ಫೋನ್ ಮಾಡಬೇಕಾಯಿತು. ಫ್ಯಾನಿಗೆ ಎರಡು ಸಲ, ಬಾತ್‌ರೂಮಿಗೆ ಮೂರು, ಸೋಪಿಗೆ ಒಂದು. ಆತನೂ ಅಷ್ಟೇ ಮಾಡಿರಬೇಕು. ಆರನೇ ಸಲ ಅಕ್ಕ ಹೇಳಿದಳು: "ನೋಡೋ, ಒಲೆ ಮೇಲೆ ಹಾಲಿಟ್ಟು ಎರಡು ಸಲ ಉಕ್ಕಿಸಿದೀನಿ. ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ? ಇನ್ನು ಯಾರೂ ಫೋನ್ ಮಾಡ್ಬೇಡಿ. ಮಾಡಿದ್ರೂ ಎತ್ತಲ್ಲ."

ಎತ್ತಲಿಲ್ಲ. ಅವಳ ಮಾತೆಂದರೆ ಮಾತು.

ಸಾಯಂಕಾಲ ಕಿಟಕಿ ಮುಚ್ಚಿಸಬೇಕಿತ್ತು. ಕಿಟಕಿ ಆತನ ಕಡೆಗಿದೆ. ನಾನು ಪರದೆಯನ್ನು ನೋಡುತ್ತ, "ಇಲ್ಲಿ ಗಾಳಿ ಜಾಸ್ತಿ" ಅಂದೆ. ಆತ ಟೇಬಲ್ಲಿನ ಮೇಲಿದ್ದ ಫ್ಲಾಸ್ಕನ್ನು ನೋಡುತ್ತ, "ಕೆಲವರಿಗೆ ಗಾಳಿ ಅಂದ್ರೆ ಆಗಲ್ಲ" ಅಂದು ಕಿಟಕಿ ಮುಚ್ಚಿದ.

ಇದು ಮಾತಾಡಿದ ಹಾಗಲ್ಲ.

ಅಕ್ಟೋಬರ್ 9, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ನಾಲ್ಕನೇ ಸುತ್ತು ಗೆದ್ದೆ, ಅಂಕ ಒಂದೂವರೆ. ಆತ ಸೋತ. ನಿನ್ನೆಯೇ ಬರೆದಿದ್ದರೆ ಇನ್ನೂ ಖುಷಿಯಾಗಿ ಬರೆಯುತ್ತಿದ್ದೆನೇನೋ.

ಇವತ್ತಿನದು ದೊಡ್ಡ ಕಥೆ. ಆಟ ಮೂರು ಗಂಟೆಗೆ. ಹದಿನೈದು ನಿಮಿಷ ತಡವಾದರೆ ಆಡದೆಯೇ ಸೋಲು. ಎರಡೂವರೆಗೆ ನಾನು ಬಾಗಿಲ ಹತ್ತಿರ ಇದ್ದೆ. ಅಕ್ಕನ ಗಂಡ ಶೂ ಲೇಸು ಕಟ್ಟಲು ಬಗ್ಗಿದರು. ಬಗ್ಗಿದವರು ಬಗ್ಗಿಯೇ ಇದ್ದರು. ನಾನು ಲೇಸು ಗಂಟಾಗಿದೆ ಅಂದುಕೊಂಡೆ. ಆಮೇಲೆ ನೆಲದ ಕಡೆಯಿಂದ ಸಣ್ಣ ದನಿ ಬಂತು. "ಸೊಂಟ ಹಿಡ್ಕೊಂಡಿದೆ" ಅಂತ. ಯಾರಿಗೆ ಹೇಳಿದರೋ ಗೊತ್ತಿಲ್ಲ. ಆ ಭಂಗಿಯಲ್ಲಿ ಫ್ಲಾಸ್ಕು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಹೊರಟು ಹೋಗಬಹುದಿತ್ತು. ಆದರೆ ಅಕ್ಕನಿಗೆ ಗೊತ್ತಾದರೆ ಸಾಯುವ ತನಕ ಹೇಳುತ್ತಾಳೆ. ಅದಕ್ಕೆ ಮಾತ್ರ ನಿಂತೆ. ಮೊಣಕಾಲೂರಿ ಕೂತು, ಶೂವನ್ನು ಉದ್ದೇಶಿಸಿ, "ಕಾಲು ಸ್ವಲ್ಪ ಮುಂದೆ ಬರಬೇಕು" ಅಂದೆ. ಕಾಲು ಬಂತು. ಎರಡೂ ಲೇಸು ಕಟ್ಟಿದೆ. ತೋಳಿನ ಕೆಳಗೆ ಕೈ ಕೊಟ್ಟು ಎಬ್ಬಿಸಿದೆ. ಮುಕ್ಕಾಲು ಭಾಗ ಎದ್ದರು, ಪೂರ್ತಿ ಏಳಲಿಲ್ಲ. ಹಾಗೇ ಹೊರಟೆವು.

ಲಾಡ್ಜಿನಿಂದ ಆಟದ ಹಾಲಿಗೆ ಆರು ನಿಮಿಷದ ದಾರಿ. ನಮಗೆ ಮೂವತ್ತೊಂಬತ್ತು ನಿಮಿಷ ಹಿಡಿಯಿತು. ದಾರಿಯಲ್ಲಿ ಒಬ್ಬಾಕೆ ನಿಂತು, "ಏನು ಕಳೀತು, ಹುಡುಕಿಕೊಡಲಾ?" ಅಂತ ಕೇಳಿದಳು.

ಮೂರು ಗಂಟೆ ಹದಿನಾಲ್ಕು ನಿಮಿಷಕ್ಕೆ ಒಳಗೆ ಹೋದೆವು. ಕೂರಲು ಆಗದೆ ಅವರು ನಿಂತೇ ಆಡಿದರು. ಎದುರಿನ ಆಟಗಾರನ ತಲೆಯ ಮೇಲೆ ಮೂರು ಗಂಟೆ ಹೊತ್ತು ಅರ್ಧ ಬಾಗಿದ ಮನುಷ್ಯನೊಬ್ಬ ನಿಂತಿದ್ದರೆ ಯಾರಿಗೆ ತಾನೇ ತಲೆ ಓಡೀತು. ಇಪ್ಪತ್ತೆಂಟನೇ ನಡೆಗೆ ಎದುರಿನವನು ಸೋಲೊಪ್ಪಿಕೊಂಡ.

ನಾನು ಸೋತೆ. ಹದಿನಾಲ್ಕು ನಿಮಿಷ ನನ್ನ ಗಡಿಯಾರವೂ ಓಡಿತ್ತಲ್ಲ.

ಅಕ್ಟೋಬರ್ 10, ಶುಕ್ರವಾರ

ಡ್ರಾ. ಅಂಕ ಎರಡು.

ಭಾವ ಗೆದ್ದರು. ನಾಲ್ಕೂವರೆ. ಇವತ್ತೂ ಲೇಸು ನಾನೇ ಕಟ್ಟಬೇಕಾಯಿತು. ಬಿಸಿನೀರಿನ ಚೀಲ ಕೇಳಲು ಲಾಡ್ಜಿನ ಅಡುಗೆಮನೆಗೆ ಹೋಗಿದ್ದೆ. ಅವರ ಹತ್ತಿರ ಇರಲಿಲ್ಲ, ಬಾಟಲಿಗೆ ಬಿಸಿನೀರು ತುಂಬಿ ಟವೆಲು ಸುತ್ತಿಕೊಟ್ಟೆ. ನನ್ನ ಟವೆಲೇ. ಬೇರೆ ಒಣಗಿರಲಿಲ್ಲ.

ಅಕ್ಟೋಬರ್ 11, ಶನಿವಾರ

ಬಿಡುವಿನ ದಿನ. ಔಷಧಿ ಅಂಗಡಿಗೆ ಹೋಗಿ ಮುಲಾಮು ತಂದು, ಪಾರ್ಕಿನ ಬೆಂಚಿನಲ್ಲಿ ಕೂತೆವು. ಅಲ್ಲಿ ಪರದೆಯೂ ಇರಲಿಲ್ಲ, ಫ್ಲಾಸ್ಕೂ ಇರಲಿಲ್ಲ. ಮುಂದೆ ಒಂದು ಕೊಳ, ಅದರಲ್ಲಿ ಮೂರು ಬಾತುಕೋಳಿ. ಹತ್ತು ನಿಮಿಷ ಇಬ್ಬರೂ ಬಾತುಕೋಳಿಗಳ ಜೊತೆ ಹವಾಮಾನದ ಬಗ್ಗೆ ಮಾತಾಡಿದೆವು. ಅವು ಎದ್ದು ಆಚೆ ದಡಕ್ಕೆ ಹೋದವು.

ಆಗ ನಾನು ಹೇಳಿದೆ. ಯಾಕೆ ಹೇಳಿದೆನೋ. "ಭಾವ, ಆವತ್ತು ಮುಟ್ಟಿದ್ದು ತೋಳೇ ಇರಬೇಕು. ಕೈ ಅಲ್ಲ ಅನ್ಸುತ್ತೆ."

ಭಾವ ತಮ್ಮ ಬಲಗೈ ಬೆರಳುಗಳನ್ನು ನೋಡಿಕೊಂಡರು.

"ಕೈಯೇ ಕಣೋ" ಅಂದರು.

"ಇಲ್ಲ ಭಾವ, ತೋಳು."

"ನನ್ನ ಕೈ ನನಗೆ ಗೊತ್ತಿಲ್ವಾ? ಈ ಎರಡು ಬೆರಳು. ರಾಣಿಯ ತಲೆ ತಣ್ಣಗಿತ್ತು, ಅದೂ ನೆನಪಿದೆ."

"ಮತ್ತೆ ಹನ್ನೆರಡು ವರ್ಷ ತೋಳು ಅಂದ್ರಲ್ಲ."

"ಒಂದು ಸಲ ಅಂದುಬಿಟ್ಟೆ. ಆಮೇಲೆ ಬದಲಾಯಿಸೋದು ಹೇಗೆ? ನಿಮ್ಮಕ್ಕ ಆ ಅಂಗೀನ ಸಾಕ್ಷಿ ಅಂತ ಬೇರೆ ಎತ್ತಿಟ್ಟಿದ್ದಾಳೆ."

ನನಗೆ ವಿಪರೀತ ಸಿಟ್ಟು ಬಂತು. ಹನ್ನೆರಡು ವರ್ಷ ನಾನು ಹೇಳಿದ್ದೇ ನಿಜ ಅಂತ ಇವತ್ತು ಗೊತ್ತಾಯಿತು, ಅದೂ ನಾನು ಅದನ್ನು ಬಿಟ್ಟುಕೊಟ್ಟ ಮೇಲೆ. ಮುಲಾಮು ಹಚ್ಚುವಾಗ ಸ್ವಲ್ಪ ಜೋರಾಗಿಯೇ ತಿಕ್ಕಿದೆ. ಅದರಿಂದ ಸೊಂಟ ಬಿಟ್ಟಿತು ಅನ್ನುವುದು ಬೇರೆ ಮಾತು.

ಅಕ್ಟೋಬರ್ 12, ಭಾನುವಾರ

ಭಾವ ಗೆದ್ದರು. ಐದೂವರೆ ಅಂಕ. ನಾಳೆ ಎರಡನೇ ಬೋರ್ಡಿನಲ್ಲಿ, ಹಗ್ಗ ಕಟ್ಟಿರುವ ವೇದಿಕೆಯ ಮೇಲೆ, ಕಳೆದ ಎರಡು ವರ್ಷದ ಚಾಂಪಿಯನ್ ಜೊತೆ ಆಟ. ಆಕೆಗೆ ಇಪ್ಪತ್ನಾಲ್ಕು ವರ್ಷ. ತುಂಬ ಮೆದು ಸ್ವಭಾವ. ಸೋತವರಿಗೆ ತಾನೇ ನೀರು ತಂದುಕೊಡುತ್ತಾಳಂತೆ.

ಸಾಯಂಕಾಲವೆಲ್ಲ ಕೂತು ಆಕೆಯ ಹಳೆಯ ಮೂವತ್ತೊಂದು ಆಟ ನೋಡಿದೆ. ಅವಸರದ ಎದುರಾಳಿ ಅಂದರೆ ಆಕೆಗೆ ಇಷ್ಟ. "ಭಾವ, ನಾಳೆ ಕಾಲಾಳು ತಳ್ಳಬೇಡಿ. ಬಸ್ಸು ಸ್ಟಾಂಡಿನಲ್ಲೇ ನಿಂತಿರ್ಲಿ" ಅಂದೆ. "ಎಷ್ಟೊತ್ತು?" ಅಂದರು. "ಇಪ್ಪತ್ತು ನಡೆ." ಭಾವನಿಗೆ ಅದು ಕಷ್ಟ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಹೊದಿಕೆ ಎಳೆದುಕೊಂಡ ಮೇಲೆ ಭಾವ, "ನಿನ್ನ ಆಟ ಏನಾಯ್ತು?" ಅಂತ ಕೇಳಿದರು. ಯೋಚಿಸಬೇಕಾಯಿತು. ಗೆದ್ದೆ. ಹೌದು, ಗೆದ್ದಿದ್ದೇನೆ.

ಅಕ್ಟೋಬರ್ 13, ಸೋಮವಾರ

ಇದನ್ನು ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ನನ್ನ ಆಟ ಹದಿನಾಲ್ಕನೇ ನಡೆಗೆ ಡ್ರಾ. ನಾನೇ ಕೇಳಿದೆ. ಸ್ಥಿತಿ ತೀರಾ ಸಪ್ಪೆಯಾಗಿತ್ತು. ಎದುರಿನವನು, "ನೀವು ಒಂದು ಕುದುರೆ ಮುಂದಿದ್ದೀರಲ್ಲ" ಅಂದ. ಇರಬಹುದು. ಸಪ್ಪೆ ಅಂದರೆ ಸಪ್ಪೆ.

ಹೋಗಿ ಹಗ್ಗದ ಹತ್ತಿರ ನಿಂತೆ. ಭಾವ ನನ್ನ ಕಡೆ ಬೆನ್ನು ಮಾಡಿ ಕೂತಿದ್ದರು, ಆಗಾಗ ಸೊಂಟ ಸಡಿಲಿಸಲು ಹಿಂದಕ್ಕೆ ತಿರುಗುತ್ತಿದ್ದರು. ಎರಡು ಗಂಟೆ ಕಳೆಯಿತು. ಆತಂಕವಾದಾಗ ಕನ್ನಡಕ ತೆಗೆದು ಒರೆಸುವುದು ನನ್ನ ಅಭ್ಯಾಸ. ಒರೆಸುತ್ತಿದ್ದೆ.

ಇದ್ದಕ್ಕಿದ್ದಂತೆ ಮುಖ್ಯ ತೀರ್ಪುಗಾರ್ತಿ ಬಂದು ಗಡಿಯಾರ ನಿಲ್ಲಿಸಿದರು. ಚಾಂಪಿಯನ್ನಿನ ಕೋಚು ದೂರು ಕೊಟ್ಟಿದ್ದ. ನಾನು ಸನ್ನೆ ಮಾಡುತ್ತಿದ್ದೇನೆ ಅಂತ. ಆತ ಪಟ್ಟಿ ಬೇರೆ ಬರೆದುಕೊಂಡಿದ್ದ. "ಈತ ಕನ್ನಡಕ ತೆಗೆದ್ರೆ ಅವರು ಕುದುರೆ ನಡೆಸ್ತಾರೆ. ಹಾಕ್ಕೊಂಡ್ರೆ ಕಾಲಾಳು. ಹನ್ನೊಂದರಲ್ಲಿ ಎಂಟು ಸಲ ಹಾಗೇ ಆಗಿದೆ."

ಸನ್ನೆ ನಿಜವಾದರೆ ಭಾವನಿಗೆ ಈ ಆಟ ಸೋಲು, ಟೂರ್ನಮೆಂಟಿನಿಂದ ಹೊರಗೆ, ಮೂರು ವರ್ಷ ಎಲ್ಲೂ ಆಡುವ ಹಾಗಿಲ್ಲ. ಭಾವನಿಗೆ ಅರವತ್ತೆರಡು.

ನಮ್ಮನ್ನು ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಹೋದರು.

"ಇವರು ನಿಮಗೆ ಏನಾಗಬೇಕು?" ತೀರ್ಪುಗಾರ್ತಿ ಭಾವನನ್ನು ಕೇಳಿದರು.

"ನನ್ನ ಹೆಂಡ್ತಿ ತಮ್ಮ. ಆದ್ರೆ ಮೇಡಂ, ನಮಗೆ ಮಾತಿಲ್ಲ. ಹನ್ನೆರಡು ವರ್ಷ ಆಯ್ತು. ಸನ್ನೆ ಎಲ್ಲಿಂದ ಬರುತ್ತೆ?"

"ಅದಕ್ಕೆ ಸಾಕ್ಷಿ?"

ಭಾವ ಅಕ್ಕನ ನಂಬರು ಕೊಟ್ಟರು. ತೀರ್ಪುಗಾರ್ತಿ ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟರು. ಬೇರೆ ನಂಬರಾದ್ದರಿಂದ ಅಕ್ಕ ಎತ್ತಿದಳು.

"ಮಾತಾ? ಎಲ್ಲಿಯ ಮಾತು ಮೇಡಂ" ಅಂದಳು. "ಒಂದೇ ರೂಮಲ್ಲಿ ಕೂತು ಸೋಪು ಕೊಡು ಅನ್ನೋದಕ್ಕೆ ನನಗೆ ಫೋನ್ ಮಾಡ್ತಾರೆ. ನನ್ನ ಮಗಳ ಮದುವೆ ಫೋಟೋದಲ್ಲಿ ಇಬ್ಬರೂ ಎರಡು ತುದಿಗೆ ನಿಂತು ಅರ್ಧರ್ಧ ಬಿದ್ದಿದ್ದಾರೆ. ಬೇಕಾದ್ರೆ ಕಳಿಸ್ತೀನಿ."

ತೀರ್ಪುಗಾರ್ತಿ ಬರೆದುಕೊಂಡರು. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅದು ನಿಜವಲ್ಲವಲ್ಲ. ಅವರು ಬರೆದುಕೊಳ್ಳುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಮೇಡಂ, ಅದು ಮೊನ್ನೆವರೆಗೆ. ಶನಿವಾರದಿಂದ ಮಾತಾಡ್ತಿದ್ದೀವಿ. ಇವತ್ತು ಬೆಳಗ್ಗೆಯೂ ಮಾತಾಡಿದ್ವಿ, ಆಟಕ್ಕೆ ಮೊದಲು. ಇಪ್ಪತ್ತು ನಡೆ ಕಾಲಾಳು ತಳ್ಳಬೇಡಿ ಅಂದಿದ್ದೆ. ಅದಕ್ಕೆ ನಿಯಮ ಬಿಡುತ್ತೆ."

ಭಾವ ಕಣ್ಣು ಮುಚ್ಚಿಕೊಂಡರು. ಕೋಚು ಕುರ್ಚಿಯಲ್ಲಿ ಮುಂದೆ ಸರಿದ.

"ಏನಂದೆ?" ಅಂದಳು ಅಕ್ಕ.

"ಶನಿವಾರದಿಂದ ಅಂದೆ."

"ಶನಿವಾರದಿಂದ ಮಾತಾಡ್ತಿದ್ದೀರಿ, ನನಗೊಂದು ಮಾತು ಹೇಳೋಕಾಗಲಿಲ್ವಾ?"

"ನೀನು ಫೋನ್ ಎತ್ತಲ್ಲ ಅಂದಿದ್ಯಲ್ಲ."

"ಅಮ್ಮಾ, ಇಲ್ಲಿ ವಿಚಾರಣೆ ನಡೀತಿದೆ" ಅಂದರು ತೀರ್ಪುಗಾರ್ತಿ.

"ನಡೀಲಿ ಮೇಡಂ, ನಾನು ಕಾಯ್ತೀನಿ" ಅಂದಳು ಅಕ್ಕ. ಮೂಗು ಸೀಟಿದ ಸದ್ದು ಬಂತು. ಮತ್ತೊಮ್ಮೆ ಬಂತು. ತೀರ್ಪುಗಾರ್ತಿ ಆ ಕಡೆಯಿಂದ ಏನಾದರೂ ಬರುತ್ತದೇನೋ ಅಂತ ಸ್ವಲ್ಪ ಹೊತ್ತು ನೋಡಿ, ಮೆತ್ತಗೆ ಫೋನು ಇಟ್ಟರು.

ಆಮೇಲೆ ನನ್ನನ್ನು ಹಗ್ಗದ ಹತ್ತಿರ ಅದೇ ಜಾಗದಲ್ಲಿ ನಿಲ್ಲಿಸಿದರು. ತಾವು ಬೋರ್ಡಿನ ಪಕ್ಕ ಹೋಗಿ, "ಎಷ್ಟು ಬೆರಳು?" ಅಂತ ಕೇಳಿದರು. ನಾನು ಕನ್ನಡಕ ಹಾಕಿಕೊಂಡು ಚೆನ್ನಾಗಿ ನೋಡಿ, "ಮೂರು" ಅಂದೆ.

"ನಾನಿನ್ನೂ ಕೈ ಎತ್ತಿಲ್ಲ. ನೀವು ನೋಡ್ತಿರೋದು ಗೋಡೆ ಫ್ಯಾನು."

ಹಾಲಿನಲ್ಲಿ ಎಲ್ಲರೂ ಆಟ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಇನ್ನೂ ಎರಡು ಸಲ ಕೇಳಿದರು. ಎರಡೂ ಸಲ ತಪ್ಪು.

"ನೀವು ಏನು ಕೆಲಸ ಮಾಡ್ತೀರಿ?"

"ಕನ್ನಡಕದ ಅಂಗಡಿ ಇದೆ."

ಪಶುವೈದ್ಯ ಸೀನಿದ. ಸೀನೋ ನಗುವೋ ಗೊತ್ತಾಗಲಿಲ್ಲ. ಊರವರ ಕಣ್ಣೆಲ್ಲ ಪರೀಕ್ಷೆ ಮಾಡುವುದರಲ್ಲಿ ನನ್ನದು ಆರು ವರ್ಷದಿಂದ ಉಳಿದುಹೋಗಿದೆ. ಹತ್ತಿರದ್ದೆಲ್ಲ ಸರಿಯಾಗಿ ಕಾಣುತ್ತದೆ, ಆಡಲು ಏನೂ ತೊಂದರೆಯಿಲ್ಲ.

"ಕಾಯಿ ಒಂದೂ ಕಾಣಲ್ಲ. ಮತ್ತೆ ಎರಡು ಗಂಟೆಯಿಂದ ಏನು ನೋಡ್ತಿದ್ರಿ?"

"ಭಾವನ ಬೆನ್ನು ಮೇಡಂ. ಸೊಂಟ ಹಿಡ್ಕೊಂಡಿತ್ತು. ಎಡಕ್ಕೆ ವಾಲಿದ್ರೆ ನೋಯ್ತಿದೆ ಅಂತ ಅರ್ಥ."

ತೀರ್ಪುಗಾರ್ತಿ ಕೋಚಿನ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಆತನಿಗೇ ವಾಪಸು ಕೊಟ್ಟರು. ಚಾಂಪಿಯನ್ ಎದ್ದು ಬಂದು ಭಾವನಿಗೆ, "ಕ್ಷಮಿಸಿ ಸರ್, ದೂರು ಕೊಡೋಕೆ ನಾನು ಹೇಳಿರಲಿಲ್ಲ" ಅಂದಳು. ಆಟ ಮುಗಿಯುವ ತನಕ ನಾನು ಹೊರಗಿರಬೇಕು ಅಂತ ತೀರ್ಮಾನವಾಯಿತು. ಹೋಗುವಾಗ ಭಾವನ ಕುರ್ಚಿಯ ಹಿಂದೆ ಒಂದು ದಿಂಬು ಇಡಲು ಅನುಮತಿ ಕೇಳಿದೆ. ಕೊಟ್ಟರು.

ಕಾರಿಡಾರಿನ ಬೆಂಚಿನಲ್ಲಿ ಎರಡು ಗಂಟೆ ನಲವತ್ತು ನಿಮಿಷ ಕೂತಿದ್ದೆ. ನನ್ನ ಯಾವ ಆಟದಲ್ಲೂ ಇಷ್ಟು ಸುಸ್ತಾಗಿರಲಿಲ್ಲ. ಕೊನೆಗೆ ಭಾವ ಬಂದರು. ನೆಟ್ಟಗೆ ನಡೆಯುತ್ತಿದ್ದರು. ಅವರು ಜೇಬಿನಿಂದ ಸಣ್ಣ ಬೋರ್ಡು ತೆಗೆದು ಬೆಂಚಿನ ಮೇಲಿಟ್ಟು ಕಾಯಿ ಜೋಡಿಸಿದರು.

ಆಕೆಗೆ ಒಂದು ಆನೆ, ಎರಡು ಕಾಲಾಳು. ಭಾವನಿಗೆ ಆನೆ ಒಂದೇ. ರಾಜ ಮೂಲೆಯಲ್ಲಿ ಸಿಕ್ಕಿಬಿದ್ದು ಎಲ್ಲೂ ಅಲುಗುವ ಹಾಗಿಲ್ಲ. ಯಾರು ನೋಡಿದರೂ ಸೋಲು. ಆಗ ಭಾವ ತಮ್ಮ ಆನೆಯನ್ನು ಒಯ್ದು ಆಕೆಯ ರಾಜನ ಮಗ್ಗುಲಲ್ಲೇ ಇಟ್ಟರಂತೆ, ಹೊಡಿ ಅಂತ. ಹೊಡೆದರೆ ಭಾವನಿಗೆ ನಡೆಸಲು ಒಂದು ಕಾಯಿಯೂ ಉಳಿಯುವುದಿಲ್ಲ, ನಡೆಯೇ ಇಲ್ಲದಿದ್ದರೆ ಆಟ ಡ್ರಾ. ಹೊಡೆಯದೆ ಆಕೆ ರಾಜನನ್ನು ಸರಿಸಿದಳು. ಆನೆ ಮತ್ತೆ ಹೋಗಿ ಪಕ್ಕದಲ್ಲಿ ನಿಂತಿತು. ಹತ್ತೊಂಬತ್ತು ಸಲ. ಹುಚ್ಚು ಹಿಡಿದ ಆನೆ, ಎಲ್ಲಿ ಹೋದರೂ ಹಿಂದೆಯೇ. ಇಪ್ಪತ್ತನೇ ಸಲ ಆಕೆ ನಕ್ಕು ಕೈ ಚಾಚಿದಳು.

ಡ್ರಾ.

"ಆ ಹುಡುಗಿ ನೀರು ತಂದ್ಕೊಟ್ಳು" ಅಂದರು ಭಾವ. "ಸೋತವರಿಗೆ ಮಾತ್ರ ಅಂದಿದ್ಯಲ್ಲ ನೀನು."

ಅಕ್ಟೋಬರ್ 14, ಮಂಗಳವಾರ

ಕೊನೆಯ ಸುತ್ತು ಮುಗಿಯಿತು. ಭಾವ ಡ್ರಾ. ಆರೂವರೆ ಅಂಕ. ಮೊದಲ ಹತ್ತು ಜನಕ್ಕೆ ಮುಂದಿನ ವರ್ಷ ಆಯ್ಕೆ ಪಂದ್ಯವಿಲ್ಲದೆ ನೇರ ಪ್ರವೇಶ. ಅದೇ ಅಂಕದ ಇನ್ನೊಬ್ಬ ಇದ್ದ. ಇಬ್ಬರ ಎದುರಾಳಿಗಳ ಅಂಕವನ್ನೆಲ್ಲ ಕೂಡಿ, ಭಾವನಿಗೆ ಅರ್ಧ ಕಡಿಮೆ ಅಂತ ಹನ್ನೊಂದನೇ ಸ್ಥಾನ ಕೊಟ್ಟರು.

ಇದು ಘೋರ ಅನ್ಯಾಯ. ನಾನು ಎರಡು ಪುಟ ಮನವಿ ಬರೆದು ತೀರ್ಪುಗಾರ್ತಿಗೆ ಕೊಟ್ಟೆ. ಅವರು ಪೂರ್ತಿ ಓದಿ, "ನಿಮ್ಮ ಕೂಡುವ ಲೆಕ್ಕ ತಪ್ಪಾಗಿದೆ. ಸರಿಯಾಗಿ ಕೂಡಿದ್ರೆ ಒಂದು ಕಡಿಮೆ ಬರುತ್ತೆ" ಅಂದರು. ನಾನು ಮನವಿ ವಾಪಸು ತೆಗೆದುಕೊಂಡೆ. ಭಾವ ಅಷ್ಟು ಹೊತ್ತೂ ಪಶುವೈದ್ಯನ ಜೊತೆ ಬಿಸ್ಕತ್ತು ತಿನ್ನುತ್ತ ನಿಂತಿದ್ದರು. ಅವರಿಗೆ ಸ್ವಲ್ಪವೂ ಚಿಂತೆಯಿಲ್ಲ.

ನನ್ನ ಸ್ಥಾನ ನೋಡಿಕೊಂಡು ಬರಲು ಮರೆತೆ. ಭಾವ ನೋಡಿಕೊಂಡು ಬಂದಿದ್ದರು. ಐವತ್ತೆಂಟು.

ಅಕ್ಟೋಬರ್ 15, ಬುಧವಾರ

ಮನೆಗೆ ಬಂದೆ. ಬರುವುದು ಒಂದೂವರೆ ಗಂಟೆ ತಡವಾಯಿತು.

ಬಸ್ಸಿನಲ್ಲಿ ಭಾವ ಕಿಟಕಿ ಪಕ್ಕ, ನಾನು ಅವರ ಪಕ್ಕ. ಚಾಂಪಿಯನ್ ಜೊತೆಗಿನ ಆಟದ ನಲವತ್ತೊಂದನೇ ನಡೆಯಲ್ಲಿ ಕಾಲಾಳು ಹೊಡೆದಿದ್ದರೆ ಗೆಲುವಿತ್ತು ಅಂತ ನಾನು. ಹೊಡೆದಿದ್ದರೆ ಐದು ನಡೆಯಲ್ಲಿ ಸೋಲು ಅಂತ ಭಾವ. ಸಣ್ಣ ಬೋರ್ಡು ತೊಡೆಯ ಮೇಲೆ. ಬಸ್ಸು ಕುಲುಕಿದಾಗೆಲ್ಲ ಒಂಟೆಗಳು ಸೀಟಿನ ಕೆಳಗೆ ಬೀಳುತ್ತಿದ್ದವು. ಭಾವ ಬಗ್ಗಬಾರದು, ನಾನೇ ಹುಡುಕಿ ತೆಗೆಯುತ್ತಿದ್ದೆ. ದನಿ ಸ್ವಲ್ಪ ಏರಿತ್ತು. ಹಿಂದಿನ ಸೀಟಿನವರು ಎದ್ದು ಬೇರೆ ಕಡೆ ಕೂತರು.

ನಾನು ತಲೆಯೆತ್ತಿ ಹೊರಗೆ ನೋಡಿದಾಗ ಮನೆಗಳು ಗುರುತಿನವಲ್ಲ. ನಮ್ಮ ಸ್ಟಾಪು ದಾಟಿ ನಾಲ್ಕು ಸ್ಟಾಪು ಮುಂದೆ ಬಂದಿದ್ದೆವು. ಮೂವತ್ತು ವರ್ಷ ಇದೇ ರಸ್ತೆಯಲ್ಲಿ ಸ್ಟಾಪಿನ ಹೆಸರು ಕೂಗಿದ ಮನುಷ್ಯ ಬಾಯಿ ಬಿಟ್ಟುಕೊಂಡು ಕಿಟಕಿಯಾಚೆ ನೋಡಿದರು.

ವಾಪಸು ಬಸ್ಸು ಸಿಗಲಿಲ್ಲ. ಬ್ಯಾಗು ಹೊತ್ತುಕೊಂಡು ನಡೆದೆವು. ದಾರಿಯಲ್ಲಿಯೂ ನಲವತ್ತೊಂದನೇ ನಡೆ ಮುಗಿಯಲಿಲ್ಲ.

ಅಕ್ಕ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಬೈಯುತ್ತಾಳೆ ಅಂತ ನಾವಿಬ್ಬರೂ ಮಾತು ನಿಲ್ಲಿಸಿದೆವು.

"ಬಸ್ಸು ನನ್ನ ಮುಂದೇನೇ ಹೋಯ್ತು" ಅಂದಳು. "ಕಿಟಕೀಲಿ ಇಬ್ಬರೂ ಕಾಣ್ತಿದ್ರಿ. ಕೈ ಕೈ ಆಡಿಸ್ಕೊಂಡು ಮಾತಾಡ್ತಿದ್ರಿ."

"ಕೂಗಿ ನಿಲ್ಲಿಸೋದಲ್ವಾ ಅಕ್ಕ?"

"ಯಾಕೆ ನಿಲ್ಲಿಸ್ಲಿ" ಅಂದು, ನನ್ನ ಬ್ಯಾಗು ಇಸಿದುಕೊಂಡು ಮುಂದೆ ಹೊರಟಳು.